ಬೋರ್‌ವೆಲ್ ಲೆಕ್ಕಕ್ಕೆ ಬ್ಲಾಕ್‌ಚೈನ್ ಬೇಕಾ?

2015ರ ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ಮೇಳದ ಹೊತ್ತಿಗೆ ಐಬಿಎಂ ಮತ್ತು ಸ್ಯಾಮ್‌ಸಂಗ್ ಸೇರಿ ಒಂದು ವಾಷಿಂಗ್ ಮಷೀನ್ ತೋರಿಸಿದ್ದವು. ಸೋಪಿನ ಪುಡಿ ಮುಗಿಯುತ್ತಾ ಬಂತು ಅಂದರೆ ಅದೇ ಅಂಗಡಿಗೆ ಆರ್ಡರ್ ಕೊಡುತ್ತೆ, ದುಡ್ಡೂ ಅದೇ ಕಟ್ಟುತ್ತೆ, ಆಮೇಲೆ ಮನೆಯವರಿಗೆ ಒಂದು ಮಾತು ತಿಳಿಸುತ್ತೆ. ಕೆಟ್ಟರೆ ವಾರಂಟಿ ಇದೆಯಾ ಅಂತ ತಾನೇ ನೋಡಿಕೊಂಡು ರಿಪೇರಿಯವರನ್ನು ಕರೆಯುತ್ತೆ. ಆ ಪ್ರಯೋಗದ ಹೆಸರು ಅಡೆಪ್ಟ್. ಯಂತ್ರಗಳ ನಡುವಿನ ಮಾತುಕತೆಗೆ ಟೆಲಿಹ್ಯಾಶ್, ಫೈಲ್ ಹಂಚಿಕೊಳ್ಳೋಕೆ ಬಿಟ್‌ಟೊರೆಂಟ್, ಕರಾರು ಬರೆದಿಡೋಕೆ ಇಥೀರಿಯಂ ಅನ್ನೋ ಬ್ಲಾಕ್‌ಚೈನ್, ಅಂದರೆ ಹಲವರ ಕಂಪ್ಯೂಟರ್‌ಗಳಲ್ಲಿ ಪ್ರತಿ ಇರುವ, ಆಮೇಲೆ ತಿದ್ದಲಾಗದ ಲೆಕ್ಕದ ಪುಸ್ತಕ. ತಮಾಷೆ ಅಂದರೆ ಇಥೀರಿಯಂನ ಮುಖ್ಯ ಜಾಲ ಆಗಿನ್ನೂ ಶುರುವೇ ಆಗಿರಲಿಲ್ಲ. ಅದು ಬಂದದ್ದು ಅದೇ ವರ್ಷ ಜುಲೈ ಕೊನೆಗೆ.

ನಾನು ಫರ್ಮ್‌ವೇರ್ (ಯಂತ್ರದೊಳಗಿನ ತಂತ್ರಾಂಶ) ಬರೆದು ಹೊಟ್ಟೆ ಹೊರೆಯುವವನು. ಮೂರು ಮನೆಗೆ ಒಂದೇ ಆದ ನಮ್ಮ ಬೋರಿನ ಲೆಕ್ಕಕ್ಕೆ ಇಂಥದ್ದು ಬೇಕಾ ಅನ್ನೋದು ನನ್ನ ಪ್ರಶ್ನೆ. ಸೋಪಿನ ಪುಡಿ ತರಿಸೋಕೆ ಒಗೆಯುವ ಯಂತ್ರಕ್ಕೆ ಪರ್ಸು ಕೊಡಬೇಕಾದ್ದು ಏನಿದೆ ಅಂತ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತೆ. ಆದರೆ ಅವರು ಹಿಡಿದ ಪ್ರಶ್ನೆ ಸರಿಯಾಗಿತ್ತು. ಯಂತ್ರ ಹದಿನೈದು ವರ್ಷ ಬಾಳುತ್ತೆ, ಅದರ ಹಿಂದಿನ ಸರ್ವರ್‌ಗೆ ಹದಿನೈದು ವರ್ಷ ಬಾಡಿಗೆ ಕಟ್ಟೋರು ಯಾರು? ಅಮೆರಿಕದಲ್ಲಿ ರಿವಾಲ್ವ್ ಅನ್ನೋ ಮನೆ-ನಿಯಂತ್ರಕವನ್ನು ನೆಸ್ಟ್ ಕೊಂಡುಕೊಂಡು, 2016ರ ಮೇ 15ಕ್ಕೆ ಅದರ ಸೇವೆ ನಿಲ್ಲಿಸಿತು. ಮುನ್ನೂರು ಡಾಲರ್ ಕೊಟ್ಟವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಉಳಿಯಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಅನ್ನೋ ಸ್ಮಾರ್ಟ್ ದೀಪದ ಕಂಪನಿಯ ಸರ್ವರ್‌ಗಳು ಮುನ್ಸೂಚನೆಯಿಲ್ಲದೆ ಕಣ್ಣು ಮುಚ್ಚಿದವು. ಅದರ ನಿಯಂತ್ರಕ ಡಬ್ಬಿಯನ್ನು ಹೋಮ್ ಅಸಿಸ್ಟೆಂಟ್ ಅನ್ನೋ ಮುಕ್ತ ತಂತ್ರಾಂಶದ ಜೊತೆ ಮನೆಯೊಳಗೇ ಜೋಡಿಸಿಕೊಂಡಿದ್ದವರ ದೀಪಗಳು ಮಾತ್ರ ಉರಿಯುತ್ತಲೇ ಇದ್ದವು.

ನಮ್ಮ ಮನೆಗೂ ಈ ಬಿಸಿ ತಟ್ಟಿದೆ. ತಿಪಟೂರು ಕಡೆ ನಮ್ಮ ತೆಂಗಿನ ತೋಟಕ್ಕೆ ಆ್ಯಪ್‌ನಿಂದ ಓಡಿಸುವ ಮೋಟರ್ ಸ್ಟಾರ್ಟರ್ ಹಾಕಿಸಿದ್ದೆ. ಕಂಪನಿ ಹೆಸರು ಬೇಡ. ಒಂದು ದಿನ ಆ್ಯಪ್ ಲಾಗಿನ್ ಆಗಲ್ಲ, ಫೋನ್ ಮಾಡಿದರೆ ನಂಬರ್ ಚಾಲ್ತಿಯಲ್ಲಿಲ್ಲ. ಡಬ್ಬಿ ಚೆನ್ನಾಗಿದೆ, ಸಿಮ್ಮಿಗೆ ಕರೆನ್ಸಿ ಇದೆ, ಟವರ್ ಇದೆ. ಆದರೂ ಅಪ್ಪ ರಾತ್ರಿ ತ್ರೀ ಫೇಸ್ ಬಂದಾಗ ಬ್ಯಾಟರಿ ಹಿಡಿದುಕೊಂಡು ಮೋಟರ್ ಮನೆಗೆ ನಡೆಯಬೇಕಾಯಿತು. ಪಕ್ಕದ ತೋಟದವರದು ಹಳೇ ಕಾಲದ ಸ್ಟಾರ್ಟರ್, ಮಿಸ್ಡ್ ಕಾಲ್ ಕೊಟ್ಟರೆ ಆನ್, ಇನ್ನೊಂದು ಕೊಟ್ಟರೆ ಆಫ್. ಅದಕ್ಕೆ ಯಾವ ಸರ್ವರ್ರೂ ಬೇಕಿಲ್ಲ, ಇವತ್ತಿಗೂ ಓಡುತ್ತಿದೆ. ವಿಕೇಂದ್ರೀಕೃತ ಜಾಲ ಅಂತ ಸಮ್ಮೇಳನಗಳಲ್ಲಿ ಸ್ಲೈಡ್ ತೋರಿಸುವಾಗಲೆಲ್ಲ ನನಗೆ ಪಕ್ಕದ ತೋಟದ ಆ ಡಬ್ಬಿ ನೆನಪಾಗುತ್ತೆ.

ಈಗ ಬ್ಲಾಕ್‌ಚೈನ್‌ಗೆ ಬರೋಣ. ಯಂತ್ರಗಳಿಗೆ ಯಜಮಾನನಿಲ್ಲದ ಜಾಲ ಕಟ್ಟುತ್ತೇವೆ ಅಂತ ಹೊರಟು, ನಿಜವಾಗಿಯೂ ದೊಡ್ಡದಾಗಿ ಕಟ್ಟಿದವರು ಹೀಲಿಯಂನವರು. 2013ರಲ್ಲಿ ಶುರುವಾದ ಕಂಪನಿ, 2019ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಮೊದಲ ಹಾಟ್‌ಸ್ಪಾಟ್‌ಗಳನ್ನು ಜನರ ಮನೆಗಳಲ್ಲಿ ಇಡಿಸಿತು. ಕಿಟಕಿಯಲ್ಲಿ ಒಂದು ಡಬ್ಬಿ ಇಟ್ಟುಕೊಳ್ಳಿ, ಅದು ಸುತ್ತಲಿನ ಸೆನ್ಸರ್‌ಗಳಿಗೆ ಲೋರಾ ಅನ್ನೋ, ಕಡಿಮೆ ಕರೆಂಟಿನಲ್ಲಿ ದೂರ ಮುಟ್ಟುವ ರೇಡಿಯೋ ಜಾಲ ಒದಗಿಸುತ್ತೆ, ಬದಲಿಗೆ ನಿಮಗೆ ಎಚ್‌ಎನ್‌ಟಿ ಅನ್ನೋ ಟೋಕನ್, ಅಂದರೆ ಮಾರಬಹುದಾದ ಡಿಜಿಟಲ್ ನಾಣ್ಯ ಸಿಗುತ್ತೆ. ಉಚ್ಛ್ರಾಯದಲ್ಲಿ ಲೋಕದ ತುಂಬ ಹತ್ತಿರ ಹತ್ತಿರ 10 ಲಕ್ಷ ಡಬ್ಬಿಗಳಿದ್ದವು. ಟವರ್ ಕಂಪನಿಯೊಂದು ಇಷ್ಟು ಬೇಗ ಇಷ್ಟು ಕಡೆ ಆಂಟೆನಾ ನಿಲ್ಲಿಸೋಕೆ ಸಾಧ್ಯವೇ ಇರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ಆದರೆ ಲೆಕ್ಕ ಹಾಕಿ ನೋಡಿ. ಅಲ್ಲಿ 24 ಬೈಟ್‌ನ ಒಂದು ಪ್ಯಾಕೆಟ್‌ಗೆ ಒಂದು ಡೇಟಾ ಕ್ರೆಡಿಟ್, ಒಂದು ಲಕ್ಷ ಕ್ರೆಡಿಟ್‌ಗೆ ಒಂದು ಡಾಲರ್. ಗಂಟೆಗೊಮ್ಮೆ ಮಾತಾಡುವ ಸೆನ್ಸರ್ ವರ್ಷಕ್ಕೆ 8,760 ಪ್ಯಾಕೆಟ್ ಕಳಿಸುತ್ತೆ. ಖರ್ಚು ಒಂಬತ್ತು ಸೆಂಟಿಗೂ ಕಡಿಮೆ, ನಮ್ಮ ದುಡ್ಡಲ್ಲಿ ಏಳೆಂಟು ರೂಪಾಯಿ. ರೈತನಿಗೆ ಭರ್ಜರಿ ವ್ಯಾಪಾರ. ಡಬ್ಬಿ ಇಟ್ಟವನಿಗೆ? ಅವನ ಸುತ್ತ ಸಾವಿರ ಸೆನ್ಸರ್ ಇದ್ದು ಎಲ್ಲವೂ ಅವನ ಡಬ್ಬಿಯ ಮೂಲಕವೇ ಹೋದರೂ ವರ್ಷಕ್ಕೆ 88 ಡಾಲರ್ ಅಷ್ಟೆ. ಡಬ್ಬಿಗೆ ಅವನು ಕೊಟ್ಟದ್ದು ನಾನೂರು ಐನೂರು ಡಾಲರ್. ಹಾಗಾದರೆ ಜನ ಮುಗಿಬಿದ್ದು ಕೊಂಡದ್ದು ಯಾಕೆ? ಡೇಟಾ ಸಾಗಿಸಿ ಬರುವ ಕಾಸಿಗಲ್ಲ, ‘ನಾನಿಲ್ಲಿ ಇದ್ದೇನೆ, ಸಿಗ್ನಲ್ ಕೊಡುತ್ತಿದ್ದೇನೆ’ ಅಂತ ತೋರಿಸಿದ್ದಕ್ಕೆ ಹೊಸದಾಗಿ ಟಂಕಿಸಿ ಕೊಡುತ್ತಿದ್ದ ಟೋಕನ್ನಿಗೆ. 2021ರ ನವೆಂಬರ್‌ನಲ್ಲಿ ಎಚ್‌ಎನ್‌ಟಿ ಬೆಲೆ ಐವತ್ತು ಡಾಲರ್ ದಾಟಿತ್ತು.

‘ಇದ್ದೇನೆ’ ಅನ್ನೋದಕ್ಕೆ ದುಡ್ಡು ಅಂದಮೇಲೆ ಇರುವಿಕೆಯ ನಾಟಕ ಶುರುವಾಗಲೇಬೇಕಲ್ಲ. ಅಲ್ಲಿನ ಪರೀಕ್ಷೆ ಹೀಗೆ: ಒಂದು ಹಾಟ್‌ಸ್ಪಾಟ್ ರೇಡಿಯೋದಲ್ಲಿ ಕೂಗು ಹಾಕುತ್ತೆ, ಸುತ್ತಲಿನವು ಕೇಳಿಸಿತು ಅಂತ ಸಾಕ್ಷಿ ಹೇಳುತ್ತವೆ, ಎಷ್ಟು ಜೋರಾಗಿ ಕೇಳಿಸಿತು ಅನ್ನೋ ಅಂಕಿಯ ಸಮೇತ. ಚಾಲಾಕಿಗಳು ಒಂದೇ ಕೋಣೆಯಲ್ಲಿ ಡಬ್ಬಿಗಳ ಸಾಲು ಜೋಡಿಸಿ, ಆಂಟೆನಾಗೆ ಅಟೆನ್ಯುಯೇಟರ್ ಹಾಕಿ ಸಿಗ್ನಲ್ ಕುಗ್ಗಿಸಿ, ನಕ್ಷೆಯಲ್ಲಿ ಮಾತ್ರ ಒಂದೊಂದನ್ನೂ ಒಂದೊಂದು ಬಡಾವಣೆಯಲ್ಲಿ ತೋರಿಸಿದರು. ಕೂಗಿದ್ದು ನಿಜ, ಕೇಳಿಸಿದ್ದೂ ನಿಜ. ಡಿಜಿಟಲ್ ಸಹಿ ಸರಿ, ಹ್ಯಾಶ್ (ದಾಖಲೆಯ ಬೆರಳಚ್ಚಿನಂಥ ಅಂಕಿ) ಸರಿ, ಸರಪಳಿಯ ಕೊಂಡಿ ಒಂದೂ ಬಿಟ್ಟಿಲ್ಲ. ಊರು ಮಾತ್ರ ಸುಳ್ಳು! ಕೊನೆಗೆ ಕಳ್ಳ ಡಬ್ಬಿಗಳ ಕಪ್ಪುಪಟ್ಟಿ ಇಟ್ಟುಕೊಳ್ಳಬೇಕಾಯಿತು. 2023ರ ಏಪ್ರಿಲ್‌ನಲ್ಲಿ ತಮ್ಮದೇ ಸರಪಳಿ ಬಿಟ್ಟು ಸೊಲಾನಾ ಅನ್ನೋ ಬೇರೆ ಸರಪಳಿಗೆ ಗುಳೆ ಹೋದಮೇಲೆ ಈ ತಪಾಸಣೆಯೆಲ್ಲ ಸರಪಳಿಯ ಹೊರಗಿನ ಸರ್ವರ್‌ಗಳಲ್ಲೇ ನಡೆಯುತ್ತೆ, ಫಲಿತಾಂಶ ಮಾತ್ರ ಒಳಗೆ ಬರೆಸಿಕೊಳ್ಳುತ್ತೆ.

ಐಒಟಿಎ ಕತೆಯೂ ಸುಮಾರು ಹಾಗೇ. ಯಂತ್ರಗಳಿಗೆಂದೇ ಹುಟ್ಟಿದ ಲೆಡ್ಜರ್, ಆಗ ಶುಲ್ಕವೇ ಇರಲಿಲ್ಲ, ಹೊಸ ವಹಿವಾಟು ಹಳೆಯ ಎರಡನ್ನು ದೃಢೀಕರಿಸಿದರೆ ಆಗುತ್ತಿತ್ತು. ಆದರೆ ಯಾವ ವಹಿವಾಟು ಪಕ್ಕಾ ಅಂತ ಮುದ್ರೆ ಒತ್ತೋಕೆ ಮೇಲೊಂದು ‘ಕೋಆರ್ಡಿನೇಟರ್’ ಇತ್ತು, ಅದನ್ನು ನಡೆಸುತ್ತಿದ್ದದ್ದು ಅವರ ಪ್ರತಿಷ್ಠಾನ. 2020ರ ಫೆಬ್ರವರಿಯಲ್ಲಿ ಅವರ ಟ್ರಿನಿಟಿ ವಾಲೆಟ್‌ನಿಂದ ಜನರ ಟೋಕನ್ ಕಳವಾದಾಗ ಆ ಒಂದು ಗುಂಡಿ ಒತ್ತಿ ಇಡೀ ಜಾಲವನ್ನು ಮಾರ್ಚ್‌ವರೆಗೂ ನಿಲ್ಲಿಸಿಬಿಟ್ಟರು. ಕಳವು ತಡೆಯಲು ಅದು ಬೇಕಿತ್ತು ಅನ್ನಿ. ಆದರೆ ಗುಂಡಿ ಇತ್ತು ಅನ್ನೋದೂ ಅವತ್ತು ಎಲ್ಲರಿಗೂ ಕಂಡಿತು.

ಇದೇ ಲೋರಾ ರೇಡಿಯೋ ಇಟ್ಟುಕೊಂಡು 2015ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುವಾದ ‘ದಿ ಥಿಂಗ್ಸ್ ನೆಟ್‌ವರ್ಕ್’ಗೆ ಟೋಕನ್ ಇಲ್ಲ, ಅದನ್ನು ಟಂಕಿಸುವ ‘ಗಣಿಗಾರಿಕೆ’ಯೂ ಇಲ್ಲ. ಹತ್ತು ಗೇಟ್‌ವೇಗಳಿಂದ (ಸೆನ್ಸರ್‌ಗಳ ಮಾತು ಹಿಡಿದು ಮುಂದೆ ಕಳಿಸುವ ಡಬ್ಬಿಗಳು) ನಗರಕ್ಕೆ ಜಾಲ ಹಬ್ಬಿಸಿದ ಹವ್ಯಾಸಿಗಳ ಗುಂಪು ಅದು. ನಮ್ಮಲ್ಲೂ 865ರಿಂದ 868 ಮೆಗಾಹರ್ಟ್ಸ್‌ವರೆಗಿನ ಪಟ್ಟಿಗೆ ಲೈಸೆನ್ಸ್ ಬೇಕಿಲ್ಲ, ಹಾಗಾಗಿ ನಾನು ತೋಟದ ಮನೆ ಮಾಳಿಗೆ ಮೇಲೆ ಒಂದು ಗೇಟ್‌ವೇ ನಿಲ್ಲಿಸಿ, ಚರ್ಪ್‌ಸ್ಟ್ಯಾಕ್ ಅನ್ನೋ ಮುಕ್ತ ತಂತ್ರಾಂಶವನ್ನು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಹಾಕಿಕೊಂಡೆ. ಇಂಟರ್‌ನೆಟ್ ಹೋದರೂ ಮೋಟರ್ ನಿಲ್ಲಲ್ಲ. ಫೇಸ್ ಇದೆಯಾ, ಆಂಪಿಯರ್ ಎಷ್ಟು, ನೀರಿಲ್ಲದೆ ಬರಿದೇ ಓಡುತ್ತಿದೆಯಾ ಅನ್ನೋದೆಲ್ಲ ಮೋಟರ್ ಮನೆಯ ಬೋರ್ಡೇ ತೀರ್ಮಾನಿಸುತ್ತೆ. ನಾನು ಬೆಂಗಳೂರಲ್ಲಿ ಮಲಗಿರಲಿ, ಎದ್ದಿರಲಿ, ಅದಕ್ಕೇನಂತೆ.

ಇಲ್ಲಿವರೆಗೆ ಲೆಡ್ಜರ್ ಬೇಕಾಗಿರಲಿಲ್ಲ. ಬೇಕಾದದ್ದು ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಮೂವರ ಬೋರು ವಿಷಯಕ್ಕೆ. ಜಮೀನು ಪಾಲಾಗಿ ಬಹಳ ಕಾಲವಾಯಿತು, ಬೋರು ಮಾತ್ರ ಒಂದೇ. ಸರದಿಯ ಮೇಲೆ ನೀರು. ನಿಮ್ಮ ಸರದಿಯಲ್ಲಿ ಕರೆಂಟ್ ಜಾಸ್ತಿ ಹೊತ್ತು ಇತ್ತು, ನನ್ನ ಸರದಿಯಲ್ಲಿ ಟಿಸಿ ಸುಟ್ಟಿತ್ತು, ಗೇಟ್‌ವಾಲ್ ಪೂರ್ತಿ ತಿರುಗಿಸಿರಲಿಲ್ಲ — ಈ ಜಗಳ ಯಾವ ಮನೆಯಲ್ಲಿಲ್ಲ ಹೇಳಿ. ಒಬ್ಬರ ಮೊಬೈಲಿನಲ್ಲಿ ಲೆಕ್ಕ ಇಟ್ಟರೆ ಉಳಿದಿಬ್ಬರು ನಂಬಲ್ಲ. ಅದರಲ್ಲೂ ಬೋರ್ಡ್ ಮಾಡಿದವನು ಒಬ್ಬರ ಮಗ.

ಇಲ್ಲಿ ಆ ತಂತ್ರದ ಒಂದು ತುಂಡು ನಿಜವಾಗಿ ಉಪಯೋಗಕ್ಕೆ ಬಂತು, ಆದರೆ ಅದು ಬಿಟ್‌ಕಾಯಿನ್‌ಗಿಂತ ಹಳೆಯ ತುಂಡು. 1991ರಲ್ಲೇ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೊರ್ನೆಟ್ಟಾ ದಾಖಲೆಗಳನ್ನು ಒಂದರ ಹ್ಯಾಶ್ ಇನ್ನೊಂದರಲ್ಲಿ ಸೇರಿಸುತ್ತಾ ಹೆಣೆಯುವ ಉಪಾಯ ಬರೆದಿದ್ದರು. ನಡುವಿನದೊಂದು ತಿದ್ದಿದರೆ ಮುಂದಿನದೆಲ್ಲ ತಪ್ಪುತ್ತೆ. ಅವರ ಕಂಪನಿ ಶೂರಿಟಿ, 1995ರಿಂದ ಆ ಹ್ಯಾಶನ್ನು ವಾರಕ್ಕೊಮ್ಮೆ ನ್ಯೂಯಾರ್ಕ್ ಟೈಮ್ಸ್‌ನ ಸಣ್ಣ ಜಾಹೀರಾತಿನಲ್ಲಿ ಅಚ್ಚು ಹಾಕಿಸುತ್ತಿತ್ತು. ಲಕ್ಷಾಂತರ ಮನೆಗೆ ಹೋದ ಪತ್ರಿಕೆಯನ್ನು ಆಮೇಲೆ ಯಾರು ತಿದ್ದುತ್ತಾರೆ? ನಮ್ಮ ಮನೆಯ ನ್ಯೂಯಾರ್ಕ್ ಟೈಮ್ಸ್ ಅಂದರೆ ‘ಬೋರು ಲೆಕ್ಕ’ ಅನ್ನೋ ವಾಟ್ಸ್‌ಆ್ಯಪ್ ಗುಂಪು. ದಿನದ ಕೊನೆಗೆ ಆವತ್ತಿನ ಹ್ಯಾಶ್ ಅಲ್ಲಿ ಬಂದು ಬೀಳುತ್ತೆ, ಮೂರೂ ಮನೆಯ ಫೋನಿನಲ್ಲಿ ಇಡೀ ದಾಖಲೆಯ ಪ್ರತಿ ಇರುತ್ತೆ. ಅಪರಿಚಿತರ ನಡುವೆ ಒಮ್ಮತ ಹುಟ್ಟಿಸೋಕೆ ಟೋಕನ್ನು, ಶುಲ್ಕ, ವಹಿವಾಟು ತಾಳೆ ನೋಡುವ ವ್ಯಾಲಿಡೇಟರ್ ಬೇಕಾಗಬಹುದು. ಇಲ್ಲಿ ಎದುರಾಳಿಗಳು ಯಾರು ಅಂತ ಚೆನ್ನಾಗಿ ಗೊತ್ತು, ಹಬ್ಬಕ್ಕೆ ಒಟ್ಟಿಗೆ ಊಟಕ್ಕೆ ಕೂರುತ್ತಾರೆ.

ಸಹಿ ಹಾಕೋಕೆ ಮೈಕ್ರೋಚಿಪ್‌ನವರ ಎಟಿಇಸಿಸಿ608 ಅನ್ನೋ ಚಿಕ್ಕ ಚಿಪ್ ಹಾಕಿದ್ದೇನೆ. ರಹಸ್ಯ ಕೀ ಅದರೊಳಗೇ ಹುಟ್ಟುತ್ತೆ, ಹೊರಗೆ ಬರೋದೇ ಇಲ್ಲ, ಆದ್ದರಿಂದ ನಾನು ಬೆಂಗಳೂರಿನಿಂದ ಅಪ್ಪನ ಪರವಾಗಿ ಕಳ್ಳ ದಾಖಲೆ ಬರೆಯೋಕೆ ಆಗಲ್ಲ. ಗೋಜಲಾದದ್ದು ರೇಡಿಯೋ. ಸಹಿಯೊಂದೇ 64 ಬೈಟ್. ಲೋರಾದ ಅತಿ ನಿಧಾನದ ದರದಲ್ಲಿ ಒಂದು ಪ್ಯಾಕೆಟ್‌ಗೆ ಹಿಡಿಸುವುದೇ 51, ಅದೂ ಗಾಳಿಯಲ್ಲಿ ಎರಡು ಸೆಕೆಂಡಿಗೂ ಹೆಚ್ಚು ಹೊತ್ತು ತೇಲುತ್ತೆ. ಅಂದರೆ ‘ವಾಲ್ವ್ ತೆರೆದೆ’ ಅನ್ನೋ ಒಂದು ಮಾತಿಗೆ ಅದಕ್ಕಿಂತ ಎಷ್ಟೋ ಪಟ್ಟು ಉದ್ದದ ಸಹಿ. ಹಾಗಾಗಿ ದಾಖಲೆಗಳನ್ನು ಚಿಕ್ಕದಾಗಿ ಕಳಿಸಿ — ಕ್ರಮಸಂಖ್ಯೆ, ಹೊತ್ತು, ಯಾವ ವಾಲ್ವ್, ಆಂಪಿಯರ್, ಮೀಟರಿನ ಪಲ್ಸ್ — ಒಂದು ಸರದಿ ಮುಗಿದಮೇಲೆ ಇಡೀ ಗೊಂಚಲಿಗೆ ಒಂದೇ ಸಹಿ, ಎರಡು ತುಂಡು ಮಾಡಿ. ಯಂತ್ರದಿಂದ ಯಂತ್ರಕ್ಕೆ ಕ್ಷಣಕ್ಷಣಕ್ಕೂ ವಹಿವಾಟು ಅಂತ ಬರೆಯುವವರು ಯಾರೂ ಈ 51ರ ಬಗ್ಗೆ ಬರೆದದ್ದನ್ನು ನಾನು ಕಂಡಿಲ್ಲ.

ಹೀಲಿಯಂಗೆ ಬಂದ ಕಾಯಿಲೆ ನಮಗೂ ಬಂತು. ನಮ್ಮ ನೀರು ಗಡಸು, ಸುಣ್ಣ ಕಟ್ಟುತ್ತೆ, ಜೊತೆಗೆ ಮರಳು. ಫ್ಲೋ ಮೀಟರಿನೊಳಗಿನ ಪುಟ್ಟ ಚಕ್ರ ಒಂದು ರಾತ್ರಿ ಸಿಕ್ಕಿಹಾಕಿಕೊಂಡು ನಿಂತಿತು. ಚಿಕ್ಕಪ್ಪನ ಸರದಿ, ತೋಟದ ತುಂಬ ನೀರು ನಿಂತಿದೆ, ದಾಖಲೆಯಲ್ಲಿ ಸೊನ್ನೆ. ಆ ಸೊನ್ನೆಗೆ ಸಹಿ ಇದೆ, ಹ್ಯಾಶ್ ಇದೆ, ಮೂರು ಮನೆಯಲ್ಲಿ ಪ್ರತಿ ಇದೆ. ಚಿಕ್ಕಪ್ಪನಿಗೆ ಖುಷಿಯೋ ಖುಷಿ. “ಏನೋ ಮಗ, ನಿನ್ನ ಮಿಷನ್ನು ತಿದ್ದಕ್ಕಾಗಲ್ಲ ಅಂದಿದ್ದೆ, ಇನ್ನು ತಿದ್ದಬೇಡ ಮತ್ತೆ!” ಈಗ ಫರ್ಮ್‌ವೇರ್ ಎರಡನ್ನು ತಾಳೆ ನೋಡುತ್ತೆ: ಮೋಟರ್ ಪೂರ್ತಿ ಆಂಪಿಯರ್ ಎಳೆಯುತ್ತಿದ್ದು ಹರಿವು ಸೊನ್ನೆ ಅಂದರೆ ಆ ಸಾಲಿಗೆ ‘ಮೀಟರ್ ಅನುಮಾನ’ ಅನ್ನೋ ಗುರುತು ಬೀಳುತ್ತೆ, ಆ ಸರದಿಯನ್ನು ಹೊತ್ತಿನ ಮೇಲೆ ಲೆಕ್ಕ ಹಾಕುತ್ತೇವೆ. ಹಳೇ ಸಾಲು ಹಾಗೇ ಇದೆ. ತಿದ್ದುಪಡಿ ಅನ್ನೋದು ಅದರ ಕೆಳಗೆ ಇನ್ನೊಂದು ಸಾಲು.

ಮೀಟರ್‌ಗಿಂತ ಮೊದಲೇ ಪೈಪಿಗೆ ಟೀ (ಕವಲು ಜೋಡಣೆ) ಹಾಕಿ ನೀರು ತೆಗೆದರೆ ಇದ್ಯಾವುದೂ ಹಿಡಿಯಲ್ಲ. ಅಂಥ ಟೀ ಒಂದು ಇದೆ. ದೊಡ್ಡಪ್ಪನ ಕೊಟ್ಟಿಗೆಯ ತೊಟ್ಟಿಗೆ ಹೋಗುತ್ತೆ, ಬೋರು ಕೊರೆಸಿದಾಗಿನಿಂದ ಇದೆ, ಎಲ್ಲರಿಗೂ ಗೊತ್ತು.

ಮುಂಗಾರಿನ ಸಿಡಿಲಿಗೆ ಬೋರ್ಡ್ ಸುಟ್ಟಾಗ ಈ ಟೀ ವಿಷಯ ಮೇಲೆದ್ದಿತು. ಬೋರ್ಡ್ ಹೋದರೆ ಚಿಪ್ ಹೋಯಿತು, ಚಿಪ್ ಹೋದರೆ ಕೀ ಹೋಯಿತು. ಹೊಸ ಬೋರ್ಡಿನ ಕೀಯನ್ನು ‘ಇದು ನಮ್ಮದೇ ಬೋರಿನದು’ ಅಂತ ಹೇಳೋರು ಯಾರು? ನಾನೊಬ್ಬನೇ ಸೇರಿಸಿದರೆ ಇಷ್ಟೆಲ್ಲ ಮಾಡಿದ್ದಕ್ಕೆ ಅರ್ಥವಿಲ್ಲ, ನಾನೇ ಆ ಕೋಆರ್ಡಿನೇಟರ್ ಆದ ಹಾಗೆ. ಅದಕ್ಕೆ ಮೂರೂ ಮನೆಯ ಫೋನಿನಿಂದ ಒಪ್ಪಿಗೆ ಒತ್ತಿದರೆ ಮಾತ್ರ ಹೊಸ ಕೀ ಚಾಲ್ತಿ ಅಂತ ನಿಯಮ ಬರೆದಿದ್ದೇನೆ. ಅಪ್ಪ ಒತ್ತಿದರು. ದೊಡ್ಡಪ್ಪನ ಪರವಾಗಿ ಅತ್ತಿಗೆ ಒತ್ತಿದರು. ಚಿಕ್ಕಪ್ಪ, “ಮೊದಲು ಆ ಟೀಗೂ ಒಂದು ಮೀಟರ್ ಹಾಕು, ಆಮೇಲೆ ನೋಡನ” ಅಂದು ಫೋನ್ ಜೇಬಿಗೆ ಇಟ್ಟುಕೊಂಡರು. ದನ ಕುಡಿಯೋ ನೀರಿಗೂ ಮೀಟರಾ ಅಂತ ದೊಡ್ಡಮ್ಮ ರೇಗಿದ್ದಾರೆ. ಸದ್ಯಕ್ಕೆ ಹೊಸ ಬೋರ್ಡಿನ ಸಾಲುಗಳೆಲ್ಲ ‘ಅನುಮೋದನೆ ಬಾಕಿ’ ಅನ್ನೋ ಗುರುತಿನಲ್ಲೇ ಬಂದು ಕೂರುತ್ತಿವೆ, ಅರ್ಧ ಇಂಚಿನ ಮೀಟರ್ ನಾನು ತರಿಸಿಟ್ಟಿದ್ದೇನೆ, ಹಾಕಬೇಕೋ ಬೇಡವೋ ಅನ್ನೋದು ಗೌರಿ ಹಬ್ಬಕ್ಕೆ ಎಲ್ಲ ಸೇರಿದಾಗ ತೀರ್ಮಾನವಾಗಬೇಕು.