ಎಲ್ರೂ ಯೋಹಾನ್‌ಗಳೇ

ನಮ್ಮ ಪಕ್ಕದ್ಮನೆ ಅಜ್ಜಂಗೆ 1700ರ ಕಾಲದಲ್ಲಿ ಜರ್ಮನಿಯಿಂದ ಅಮೆರಿಕದ ಪೆನ್ಸಿಲ್ವೇನಿಯಾಗೆ ಬಂದ ಹಿರೀಕರನ್ನ ಹುಡುಕೋ ಹುಚ್ಚು, ಅವರ ಜೊತೆ ಕೂತು ಕೂತು ಈಗ ನಂಗೂ ಅಂಟ್ಕೊಂಡಿದೆ. 1727ರಿಂದ ಅಲ್ಲಿನ ಫಿಲಡೆಲ್ಫಿಯಾದಲ್ಲಿ ಹಡಗಿಂದ ಇಳಿದ ಜರ್ಮನ್ನರು ಬ್ರಿಟಿಷ್ ರಾಜಂಗೆ ನಿಷ್ಠರಾಗಿರ್ತೀವಿ ಅಂತ ಸೈನ್ ಮಾಡ್ಬೇಕಿತ್ತು, ಆ ಲಿಸ್ಟ್‌ಗಳು ಈಗ್ಲೂ ಇವೆ, ಆದ್ರೆ ಸೈನ್ ಮಾಡಿದ್ದು 16 ದಾಟಿದ ಗಂಡಸರು ಮಾತ್ರ, ಬರೆಯೋಕೆ ಬರದೋರ ಹೆಸರನ್ನ ಗುಮಾಸ್ತ ಕಿವಿಗೆ ಬಿದ್ದಂಗೆ ಗೀಚಿದಾನೆ. ಇನ್ನು ಎಷ್ಟೋ ಮನೆಗಳಲ್ಲಿ ಎಷ್ಟು ಗಂಡು ಮಕ್ಕಳಿದ್ರೂ ಎಲ್ರ ಹೆಸರಿನ ಮುಂದೂ ಯೋಹಾನ್, ಕರೆಯೋದು ಮಾತ್ರ ಎರಡನೇ ಹೆಸರಲ್ಲಿ! ಹಿಂಗಾಗಿ ಯೋಹಾನ್ ಗೇಯೊರ್ಗ್ ಮ್ಯುಲರ್ ಮುಂದಿನ ಕಾಗದದಲ್ಲಿ ಇಂಗ್ಲಿಷ್ ರೂಪಕ್ಕೆ ತಿರುಗಿ ಜಾರ್ಜ್ ಮಿಲ್ಲರ್, ಅಂಥ ಮಿಲ್ಲರ್‌ಗಳೋ ಊರ್ತುಂಬ. ಆನ್‌ಲೈನ್ ಫ್ಯಾಮಿಲಿ ಟ್ರೀಗಳನ್ನ ನಂಬೋ ಹಾಗಿಲ್ಲ, ಒಬ್ಬರದನ್ನ ಇನ್ನೊಬ್ರು ಕಾಪಿ ಹೊಡೆದಿರ್ತಾರೆ. ಮಗು ದೀಕ್ಷಾಸ್ನಾನಕ್ಕೆ ಸಾಕ್ಷಿ ನಿಂತೋರು ಯಾರು, ಪಕ್ಕದ ಜಮೀನು ಯಾರದು, ಇಂಥದ್ರಲ್ಲೇ ಏನಾದ್ರೂ ಸುಳಿವು ಸಿಗ್ಬೇಕು.

ಹೆಂಗಸರ ಕಥೆಯಂತೂ ಕೇಳ್ಲೇಬೇಡಿ. ಚರ್ಚ್ ಪುಸ್ತಕದಲ್ಲಿ ಎಷ್ಟೋ ಕಡೆ ಬರೀ "ಹೆಂಡತಿ ಅನ್ನಾ ಮರಿಯಾ", ಅಷ್ಟೇ. ಅಷ್ಟು ದೊಡ್ಡ ಸಮುದ್ರ ದಾಟಿ ಬಂದೋಳ ತವರು ಯಾವುದು ಅಂತ ಇನ್ನೊಂದು ಪದ ಬರೆಯೋಕೆ ಆ ಪಾದ್ರಿಗೇನು ಕಷ್ಟ ಇತ್ತೋ, ನಂಗಂತೂ ಸಿಟ್ಟೇ ಬರತ್ತೆ.