ಸರ್ವರ್‌ಗೆ ದುಡ್ಡು ಬಂತು, ಅದನ್ನು ನೋಡಿಕೊಳ್ಳುವವರಿಗೆ?

ಸರ್ಕಾರಿ ಅನುದಾನದಲ್ಲಿ ಸರ್ವರ್ ಕೊಳ್ಳುವುದು ಸುಲಭ. ಅದರೊಳಗಿನ ಡೇಟಾವನ್ನು ಬೇರೆಯವರಿಗೂ ಅರ್ಥವಾಗುವ ಹಾಗೆ ಇಡುವ ಒಬ್ಬ ಮನುಷ್ಯನಿಗೆ ಸಂಬಳ ಕೇಳಿ ನೋಡಿ, ಆಗ ಕಷ್ಟ ಗೊತ್ತಾಗುತ್ತದೆ. ಕಲಬುರಗಿಯ ಒಂದು ತೊಗರಿ ಸಂಶೋಧನಾ ಪ್ರಾಜೆಕ್ಟಿನಲ್ಲಿ ಡೇಟಾ ನೋಡಿಕೊಳ್ಳುವುದು ನನ್ನ ಕೆಲಸ. ಆಳಂದ, ಜೇವರ್ಗಿ, ಚಿಂಚೋಳಿ, ಅಫಜಲಪುರ ಕಡೆಯ ಪ್ರಯೋಗ ತಾಕುಗಳ ಲೆಕ್ಕವೆಲ್ಲ ನನ್ನ ಹತ್ತಿರ ಬರುತ್ತದೆ. ಯಾವ ತಳಿ, ಯಾವಾಗ ಬಿತ್ತಿದರು, ಎಷ್ಟು ಮಳೆ, ನೆಟೆ ರೋಗಕ್ಕೆ ಎಷ್ಟು ಗಿಡ ಒಣಗಿದವು, ಕೊನೆಗೆ ಇಳುವರಿ ಎಷ್ಟು. ಇದನ್ನೆಲ್ಲ ಒಂದೇ ಕಡೆ ಸೇರಿಸಿ, ಬೇರೆ ಸಂಸ್ಥೆಯವರೂ ಬಳಸುವಂತೆ ಮಾಡಬೇಕು ಅನ್ನುವುದು ಪ್ರಾಜೆಕ್ಟಿನ ಉದ್ದೇಶ.

ಕೇಳೋಕೆ ಸರಳ, ಅಲ್ವಾ? ಹಳೆಯ ಒಂದು ಎಕ್ಸೆಲ್ ಶೀಟ್ ತೆಗೆದರೆ ಸಾಕು, ತಲೆ ಕೆಡುತ್ತದೆ. ರೋಗದ ಕಾಲಂನಲ್ಲಿ ಒಬ್ಬರು 'ನೆಟೆ' ಎಂದು ಬರೆದಿದ್ದಾರೆ, ಇನ್ನೊಬ್ಬರು 'ವಿಲ್ಟ್', ಮತ್ತೊಬ್ಬರು ಬರೀ 'ಡಬ್ಲ್ಯೂ'. ಇಳುವರಿ ಒಂದು ಕಡೆ ಎಕರೆಗೆ ಕ್ವಿಂಟಲ್, ಇನ್ನೊಂದು ಕಡೆ ಹೆಕ್ಟೇರಿಗೆ ಕಿಲೋ. ಇವನ್ನೆಲ್ಲ ಹೇಗೋ ಸರಿ ಮಾಡಬಹುದು. ನನ್ನನ್ನು ಕೂರಿಸಿಬಿಟ್ಟಿದ್ದು ಬಿತ್ತನೆ ದಿನಾಂಕ. 06/07 ಅಂತ ಇತ್ತು. ಜೂನ್ 7ಓ, ಜುಲೈ 6ಓ? ಬೇರೆ ಬೆಳೆಯಾಗಿದ್ದರೆ ಊಹಿಸಬಹುದಿತ್ತೇನೋ. ನಮ್ಮ ಕಡೆ ತೊಗರಿಯನ್ನು ಜೂನ್‌ನಲ್ಲೂ ಬಿತ್ತುತ್ತಾರೆ, ಜುಲೈನಲ್ಲೂ ಬಿತ್ತುತ್ತಾರೆ. ಬಿತ್ತನೆ ಒಂದು ತಿಂಗಳು ತಡವಾದರೆ ಇಳುವರಿ ಇಳಿಯುತ್ತದೆ. ತಡವಾಗಿ ಬಿತ್ತಿದ್ದನ್ನು ಬೇಗ ಬಿತ್ತಿದ್ದು ಎಂದು ಓದಿದರೆ ತಳಿಯೇ ಕಳಪೆ ಅನ್ನಿಸಿಬಿಡುತ್ತದೆ.

ಆ ತಾಕು ನೋಡಿಕೊಂಡಿದ್ದ ಹಿರಿಯ ಕೂಲಿಯವರನ್ನು ಹುಡುಕಿ ಕೇಳಿದೆ. "ಕಾಕಾ, ಆ ವರ್ಷ ಯಾವಾಗ ಬಿತ್ತಿದ್ರಿ?"

"ಆ ವರ್ಷ ಮಿರಗ ಎಲ್ಲಿ ಆಯ್ತ್ರಿ ಮೇಡಂ? ಹೊಲ ಹದಾನೇ ಆಗಿದ್ದಿಲ್ಲ. ಆರಿದ್ರಿ ಮುಗದ ಮ್ಯಾಲೆ ಬಿತ್ತೀವಿ ನೋಡ್ರಿ."

ಮಿರಗ ಅಂದರೆ ಮೃಗಶಿರಾ ಮಳೆ, ಅದು ಕೂಡುವುದೇ ಜೂನ್ 7-8ರ ಹೊತ್ತಿಗೆ. ಆರಿದ್ರಾ ಮಳೆ ಮುಗಿಯುವುದು ಜುಲೈ 5ರ ಸುಮಾರಿಗೆ. ಹಾಗಾಗಿ ಅದು ಜುಲೈ 6. ಮಳೆಯ ದಾಖಲೆ ತೆಗೆದು ನೋಡಿದೆ, ತಾಳೆಯಾಯಿತು. ಕಾಕಾ ದಿನಗೂಲಿಯವರು. ಪ್ರಾಜೆಕ್ಟಿನ ಯಾವ ಕಾಗದದಲ್ಲೂ ಅವರ ಹೆಸರಿಲ್ಲ. ಆದರೆ ಆ ಶೀಟಿನ ಅರ್ಧ ಅರ್ಥ ಅವರ ತಲೆಯಲ್ಲಿತ್ತು.

ಈಗ ದುಡ್ಡಿನ ಕಡೆ ಬನ್ನಿ. ಅನುದಾನದ ಅರ್ಜಿಯಲ್ಲಿ ದೊಡ್ಡ ಬಾಬ್ತು ಎರಡು. ಯಂತ್ರ, ಸಲಕರಣೆ ಎಲ್ಲ ನಾನ್-ರಿಕರಿಂಗ್, ಅಂದರೆ ಒಂದೇ ಸಲದ ಖರ್ಚು. ಸಂಬಳ, ಓಡಾಟ, ಸಣ್ಣಪುಟ್ಟ ಖರ್ಚು ರಿಕರಿಂಗ್, ಮತ್ತೆ ಮತ್ತೆ ಬರುವಂಥದ್ದು. ಸರ್ವರ್ ಅಂದರೆ ಕಣ್ಣಿಗೆ ಕಾಣುವ ವಸ್ತು. ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ಕೊಂಡು, ಸ್ಟಾಕ್ ರಿಜಿಸ್ಟರಿನಲ್ಲಿ ಬರೆದು, ಮೇಲೊಂದು ನಂಬರ್ ಅಂಟಿಸಿದರೆ ಮುಗಿಯಿತು. ಲೆಕ್ಕ ತಪಾಸಣೆಯವರಿಗೂ ಸಮಾಧಾನ. ಕಾಲಂ ಹೆಸರು ಸರಿ ಮಾಡುವ ಕೆಲಸಕ್ಕೆ ಯಾವ ನಂಬರ್ ಅಂಟಿಸುತ್ತೀರಿ? ಅದಕ್ಕೇ ಬಜೆಟ್ ಕಡಿತ ಬಂದಾಗ ಮೊದಲು ಹಾರಿಹೋಗುವುದು ಆ ಹುದ್ದೆ.

ಸರ್ವರ್ ಕಥೆಯೂ ಅಷ್ಟಕ್ಕೇ ಮುಗಿಯುವುದಿಲ್ಲ. ಏಪ್ರಿಲ್-ಮೇನಲ್ಲಿ ಇಲ್ಲಿನ ಬಿಸಿಲು 42 ಡಿಗ್ರಿ ದಾಟುವುದು ಹೊಸದೇನಲ್ಲ. ಎಸಿ ಬೇಕು, ಯುಪಿಎಸ್ ಬೇಕು, ಅದರ ಬ್ಯಾಟರಿ ಬದಲಿಸಬೇಕು. ಮೂರು ವರ್ಷದ ಪ್ರಾಜೆಕ್ಟು, ಮೂರು ವರ್ಷದ ವಾರಂಟಿ, ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಮುಗಿಯುತ್ತವೆ. ಆಮೇಲೆ ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದದ ಹಣ) ಕಟ್ಟುವವರು ಯಾರು? ಉಳಿದ ದುಡ್ಡಲ್ಲಿ ಕಟ್ಟೋಣ ಅಂದರೆ ಆಗುವುದಿಲ್ಲ. ಕೇಂದ್ರದ ಅನುದಾನವಾದರೆ 2017ರ ಸಾಮಾನ್ಯ ಹಣಕಾಸು ನಿಯಮದಂತೆ 12-ಎ ನಮೂನೆಯಲ್ಲಿ ಯುಸಿ, ಅಂದರೆ ಹಣ ಬಳಕೆಯ ಪ್ರಮಾಣಪತ್ರ ಕೊಡಬೇಕು. ಬ್ಯಾಂಕಿನಲ್ಲಿ ಕೂತ ಹಣಕ್ಕೆ ಬಂದ ಬಡ್ಡಿಯೂ ಸರ್ಕಾರದ ಖಜಾನೆಯಾದ ಸಂಚಿತ ನಿಧಿಗೆ ವಾಪಸ್ ಹೋಗಬೇಕು. ನಿಯಮ ಸರಿಯಾಗಿಯೇ ಇದೆ, ಜನರ ತೆರಿಗೆ ದುಡ್ಡು. ನನ್ನ ತಕರಾರು ಇರುವುದು ಇದೆಲ್ಲ ಮೊದಲೇ ಗೊತ್ತಿದ್ದೂ ಅರ್ಜಿಯಲ್ಲಿ ಬರೆಯದೆ ಬಿಡುವುದರ ಬಗ್ಗೆ.

ಇದು ನಮ್ಮ ಊರಿನ ಬಡತನ ಅಂತ ಸುಮ್ನೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಅರಾಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಸಣ್ಣ ಗಿಡದ ಮಾಹಿತಿ ಕೋಶವಿದೆ, ಟಿಎಐಆರ್ ಅನ್ನುತ್ತಾರೆ. ಜಗತ್ತಿನ ಸಸ್ಯವಿಜ್ಞಾನಿಗಳೆಲ್ಲ ಬಳಸುವಂಥದ್ದು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಅನುದಾನ 2013ಕ್ಕೆ ನಿಂತುಹೋಯಿತು. ಕೊನೆಗೆ ಲಾಭರಹಿತ ಸಂಸ್ಥೆಯೊಂದರ ಅಡಿಯಲ್ಲಿ ಬಳಸುವವರಿಂದ ಚಂದಾ ಹಣ ಪಡೆದು ನಡೆಸಬೇಕಾಯಿತು. ಇನ್ನೊಂದು ಕಡೆ ಪ್ರೋಟೀನುಗಳ ರಚನೆಯನ್ನು ಕೂಡಿಡುವ ಪ್ರೋಟೀನ್ ಡೇಟಾ ಬ್ಯಾಂಕ್ 1971ರಲ್ಲಿ ಬರೀ 7 ರಚನೆಗಳಿಂದ ಶುರುವಾಗಿ ಈಗ 2 ಲಕ್ಷ ದಾಟಿದೆ. ಸರ್ಕಾರಿ ದುಡ್ಡು ದಶಕಗಟ್ಟಲೆ ಬರುತ್ತಲೇ ಇದ್ದದ್ದು ಅದಕ್ಕೆ ದೊಡ್ಡ ಕಾರಣ. ಅಮೆರಿಕದ ಎನ್‌ಐಎಚ್ (ಆರೋಗ್ಯ ಸಂಶೋಧನೆಗೆ ಅನುದಾನ ಕೊಡುವ ಸರ್ಕಾರಿ ಸಂಸ್ಥೆ) 2023ರ ಜನವರಿಯಿಂದ ಡೇಟಾ ನಿರ್ವಹಣೆಯ ಯೋಜನೆಯನ್ನು ಅರ್ಜಿಯ ಜೊತೆಗೇ ಕೇಳುತ್ತಿದೆ. ಡೇಟಾ ಸ್ವಚ್ಛ ಮಾಡುವ ಖರ್ಚನ್ನು ಬಜೆಟ್ಟಿನಲ್ಲಿ ತೋರಿಸಲೂ ಬಿಡುತ್ತದೆ. ಇಲ್ಲಿನ ಎಲ್ಲ ಅರ್ಜಿ ನಮೂನೆಗಳಲ್ಲೂ ಆ ಒಂದು ಸಾಲು ಬಂದರೆ ನನ್ನಂಥವರ ಅರ್ಧ ಜಗಳ ಮುಗಿಯುತ್ತದೆ.

ನಮ್ಮಲ್ಲೂ ಏನೂ ಇಲ್ಲ ಅಂತಲ್ಲ. ಜೈವಿಕ ತಂತ್ರಜ್ಞಾನ ಇಲಾಖೆಯ ದುಡ್ಡಲ್ಲಿ ಫರಿದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರ 2022ರ ನವೆಂಬರಿನಲ್ಲಿ ಶುರುವಾಯಿತು. ಸುಮಾರು 4 ಪೆಟಾಬೈಟ್ (40 ಲಕ್ಷ ಜಿಬಿ) ಜಾಗ, ಭುವನೇಶ್ವರದಲ್ಲಿ ಇನ್ನೊಂದು ಪ್ರತಿ. ಅಂಥ ಕಡೆ ಜಾಗವಿರುವಾಗ ಪ್ರತಿಯೊಂದು ಪ್ರಾಜೆಕ್ಟಿನವರೂ ಸ್ವಂತ ಸರ್ವರ್ ಬೇಕೇ ಬೇಕು ಎಂದು ಹಟ ಹಿಡಿಯುವುದು ನನಗೆ ಅರ್ಥವಾಗುವುದಿಲ್ಲ. ಬಾಗಿಲ ಮೇಲೆ ಬೋರ್ಡ್ ಹಾಕೋಕೆ ಚೆನ್ನಾಗಿರುತ್ತದೆ, ನಿಜ. 2011ರಲ್ಲಿ ಹೈದರಾಬಾದಿನ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯ ಮುಂದಾಳತ್ವದಲ್ಲಿ ಓದಿದ ತೊಗರಿ ಜೀನೋಮನ್ನೇ (ಇಡೀ ವಂಶವಾಹಿ ಮಾಹಿತಿ) ನೋಡಿ. 'ಆಶಾ' ತಳಿಯದ್ದು. ಸಾರ್ವಜನಿಕ ಕೋಶದಲ್ಲಿ ಇಟ್ಟಿದ್ದರಿಂದ ಇವತ್ತಿಗೂ ಕಲಬುರಗಿಯಲ್ಲಿ ಕೂತು ಇಳಿಸಿಕೊಳ್ಳಬಹುದು.

ಈಗ ನಮ್ಮಲ್ಲಿ ಹೊಸ ಅರ್ಜಿ ಬರೆಯುವಾಗ ನಾನು ಕೂತು ಹಟ ಮಾಡುವ ವಿಷಯಗಳಿವೆ. ಸ್ಟೋರೇಜ್ ಕಡಿಮೆ ಬರೆಯಿರಿ, ಡೇಟಾ ನೋಡುವವರ ಹುದ್ದೆ ಮೊದಲ ವರ್ಷದಿಂದಲೇ ಬರೆಯಿರಿ. ದಾಖಲೆ ಬರೆಯಲು ಹೊಲದವರಿಗೂ ದಿನದ ಕೂಲಿ ಇಡಿ. ಕೊನೆಯ ಆರು ತಿಂಗಳು ಹೊಸ ಪ್ರಯೋಗ ಬೇಡ, ಡೇಟಾ ಒಪ್ಪಿಸುವುದಕ್ಕೇ ಇರಲಿ. ಇದಕ್ಕೆ ವಿಜ್ಞಾನಿಗಳು ಮುಖ ಗಂಟು ಹಾಕುತ್ತಾರೆ. ಹಾಕಲಿ.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಸಂಸ್ಥೆಯ ಮುಖ್ಯಸ್ಥರ ಒಪ್ಪಿಗೆ ಪತ್ರ. ಪ್ರಾಜೆಕ್ಟ್ ಮುಗಿದ ಮೇಲೆ ನಿರ್ವಹಣೆ ನಮ್ಮದು ಎಂಬ ಸಾಲು ಇಂಥ ಪತ್ರಗಳಲ್ಲಿ ಇದ್ದೇ ಇರುತ್ತದೆ. ಸಹಿ ಬೀಳುತ್ತದೆ, ಫೈಲ್ ಮುಚ್ಚುತ್ತದೆ. ಈ ಸಲ ಆ ಪತ್ರದ ಪ್ರತಿಯನ್ನು ಸಹಿಗೆ ಮೊದಲೇ ಲೆಕ್ಕ ವಿಭಾಗಕ್ಕೆ ಕಳಿಸಿದೆವು. ನಾಲ್ಕನೇ ವರ್ಷದಿಂದ ವಿದ್ಯುತ್ತು, ಎಎಂಸಿ, ಅರ್ಧ ಹುದ್ದೆ ಇವನ್ನು ಯಾವ ಬಾಬ್ತಿನಲ್ಲಿ ಹಾಕುತ್ತೀರಿ ಎಂದು ಬರವಣಿಗೆಯಲ್ಲೇ ಕೇಳಿದ್ದೇವೆ. ಎರಡು ಸಲ ಆಕ್ಷೇಪಣೆ ಹಾಕಿ ವಾಪಸ್ ಕಳಿಸಿದರು. ಮೂರನೇ ಉತ್ತರಕ್ಕೆ ಕಾಯುತ್ತಿದ್ದೇವೆ. ಅದು ಬಂದ ಮೇಲೆಯೇ ಅರ್ಜಿ ಹೋಗುತ್ತದೆ.