ಶಹಾಬಾದ್ ಕಲ್ಲಿನ ಕಾಕಾ ಕೊರಿಯಾದ ಐಸ್ ಮುಂದ

ಕೊರಿಯಾದಾಗ ಏನೇನ್ ನೋಡಿದ್ರಿ ಅಂತ ಮನಿಗಿ ಬಂದವ್ರೆಲ್ಲಾ ಕೇಳ್ಲಾಕತ್ತಾರ. ಅರಮನಿ, ಟವರ್, ಮಾರ್ಕೆಟ್ ಎಲ್ಲಾ ನೋಡಿದ್ವಿ, ಸ್ಟೇಟಸ್‌ದಾಗ ಹಾಕೀನಿ, ಅದರಾಗ ಬರಿಯೋವಂಥದ್ದೇನೂ ಇಲ್ಲ, ಯೂಟ್ಯೂಬಿನ್ಯಾಗ ಇದಕ್ಕಿಂತ ಚೊಲೊ ಕಾಣ್ತದ. ನಾ ಬರಿಯೋದು ಉಯಿಜಾಂಗ್ಬು ಸಲುವಾಗಿ. ರಾಜಧಾನಿ ಸೋಲ್ ಉತ್ತರಕ್ಕ ಇರೋ ಊರು, 2025ರ ಮಾರ್ಚಿನ್ಯಾಗ ಅಲ್ಲಿ ಮಹಿಳೆಯರ ವಿಶ್ವ ಕರ್ಲಿಂಗ್ ಚಾಂಪಿಯನ್‌ಶಿಪ್ ನಡದಿತ್ತು, 13 ದೇಶದ ಟೀಮ್ ಬಂದಿದ್ವು. ಕರ್ಲಿಂಗ್ ಅಂದ್ರ ಐಸ್ ಮ್ಯಾಲ ಕಲ್ಲು ಜಾರಿಸೋ ಆಟ. ನಮ್ಮ ತಮ್ಮ ಸೋಲ್‌ದಾಗ ನೌಕರಿ ಮಾಡ್ತಾನ, ಅವನ ಆಫೀಸಿನ ಹುಡುಗಿಯೊಬ್ಬಾಕಿ ರಜಾ ದಿನ ಕರ್ಲಿಂಗ್ ಆಡ್ತಾಳಂತ, ಆಕಿನೇ ಟಿಕೆಟ್ ತಗಸಿದ್ಲು. ನನ್ನ ಜೋಡಿ ನಮ್ಮ ಕಾಕಾ. ಜಲ್ಮಪೂರ್ತಿ ಶಹಾಬಾದ್ ಕಲ್ಲಿನ ದಂಧೆದಾಗ ಇದ್ದವ್ರು, ಯಾರ ಮನಿಗಿ ಹೋದ್ರೂ ಚಾ ಕುಡಿಯೋಕಿಂತ ಮದಲ ಕೆಳಗಿನ ಪರಸಿ ನೋಡೋ ಮನುಷ್ಯಾ.

ಹೋಗೋರಿಗಿ ಒಂದ ಮಾತು ಹೇಳ್ತೀನಿ, ಯಾಕಂದ್ರ ನನಗ ಇನ್ನೂ ಸಿಟ್ಟ ಅದ. ಉಯಿಜಾಂಗ್ಬುಗ ಸಬ್‌ವೇ ಲೈನ್ 1 ಹೋಗ್ತದ, ಆದ್ರ ಆ ಲೈನಿನ ಎಲ್ಲಾ ರೈಲೂ ಅಲ್ಲೀತನಕ ಹೋಗಂಗಿಲ್ಲ, ಎಷ್ಟೋ ರೈಲು ಕ್ವಾಂಗ್‌ವೂನ್ ಯೂನಿವರ್ಸಿಟಿ ಸ್ಟೇಷನ್‌ದಾಗೇ ಖತಂ. ಮಂದಿಯೆಲ್ಲಾ ಇಳದು ಹೋದ್ರು, ಕಾಕಾ ಮತ್ತ ನಾ ಇಬ್ಬರೇ ಕುಂತೀವಿ, ಸ್ವೆಟರ್ ಬ್ಯಾಗು ಬ್ಯಾರೆ ತಮ್ಮನ ಹಂತೇಲಿ, ಅವ ಮುಂದಿನ ಡಬ್ಬಿದಾಗ. ಪ್ಲಾಟ್‌ಫಾರ್ಮಿನ ಥಂಡಿಗಿ ಹಲ್ಲು ಕಟಕಟ ಅಂದ್ವು, ನಾವು ಕಲಬುರಗಿ ಬಿಟ್ಟಾಗ ಮಧ್ಯಾಹ್ನ ಫ್ಯಾನಿನ ಗಾಳಿನೂ ಬಿಸಿ ಬರ್ತಿತ್ತು. ರೈಲು ಹತ್ತೋಕಿಂತ ಮದಲ ಕಡೀ ಸ್ಟೇಷನ್ ಯಾವುದು ಅಂತ ಬೋರ್ಡ್ ನೋಡ್ರಿ, ಸ್ವೆಟರ್ ಮೈಮ್ಯಾಲೇ ಇಟ್ಕೋರಿ. ಐಸ್ ರಿಂಕ್ ಒಳಗೂ ಸೀಟಿನ ಕೆಳಗಿಂದ ಥಂಡಿ ಏರ್ತದ.

ಒಳಗ ಹೋದಾಗ ಆಟ ಶುರು ಆಗಿರ್ಲಿಲ್ಲ. ಒಬ್ಬಾವ ಬೆನ್ನಿಗಿ ಟ್ಯಾಂಕ್ ಕಟ್ಕೊಂಡು, ಕೈಯಾಗ ಪೈಪ್ ಹಿಡದು, ತೊಗರಿಗಿ ಔಷಧ ಹೊಡದಂಗ ಆ ಕಡಿ ಈ ಕಡಿ ಬೀಸ್ತಾ ಹಿಂದ ಹಿಂದ ನಡೀಲಾಕತ್ತಿದ್ದ. ನೀರಿನ ಹನಿ ಐಸ್ ಮ್ಯಾಲ ಬಿದ್ದು ಹಂಗೇ ಗಟ್ಟಿ ಆಗ್ತಾವ, ಅದಕ್ಕ ಪೆಬಲ್ ಅಂತಾರ. ಕಲ್ಲು ಜಾರೋದು ಈ ಸಣ್ಣ ಸಣ್ಣ ಗುಳ್ಳಿ ಮ್ಯಾಲ, ನುಣ್ಣನ ಐಸ್ ಮ್ಯಾಲ ಬಿಟ್ರ ನಡುದಾರ್‍ಯಾಗೇ ನಿಂತ್ಬಿಡ್ತದಂತ. ಆಡೋ ಐಸಿನ ಪಟ್ಟಿ ಸುಮಾರು 45 ಮೀಟರ್ ಉದ್ದ, ಆ ತುದಿಗಿ ಗುಂಡು ಗುರುತು, ನಡುವಿಗಿ ಯಾರ ಕಲ್ಲು ಹತ್ರ ನಿಂತದ ಅವರಿಗಿ ಪಾಯಿಂಟ್. ಇಷ್ಟ ಗೊತ್ತಿದ್ರ ಸಾಕು, ಮೂರು ತಾಸು ಕುಂದರಬಹುದು.

ಕಸಬರಗಿ ಹಿಡದು ಓಡೋ ಆಟ ಅಂತ ಇಲ್ಲಿ ಎಲ್ಲಾರೂ ನಗ್ತಾರ, ನಗ್ರಿ. ಓಡೋ ಕಲ್ಲಿನ ಮುಂದ ಬ್ರಷ್‌ಲೆ ತಿಕ್ಕಿದಾಗ ಐಸ್ ಜರಾ ಬಿಸಿ ಆಗಿ ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೆಟ್ಟಗ ಹೋಗ್ತದ, ಅದಕ್ಕಂತ ಆ ಹುಡಿಗ್ಯಾರು ಮೈಭಾರ ಎಲ್ಲಾ ಬ್ರಷ್ ಮ್ಯಾಲ ಹಾಕಿ ತಿಕ್ತಾರ, ಆ ತುದಿಗಿ ನಿಂತ ಸ್ಕಿಪ್, ಅಂದ್ರ ಟೀಮಿನ ಕ್ಯಾಪ್ಟನ್, ಒದರ್ತಾಳ ನೋಡ್ರಿ, ಗಂಟಲು ಹರಿಯೋವಂಗ. ಒಂದೇ ಹಾಲಿನ್ಯಾಗ ಬಾಜು ಬಾಜು ಪಟ್ಟಿಮ್ಯಾಲ ಬ್ಯಾರೆ ಬ್ಯಾರೆ ಮ್ಯಾಚ್, ಕೊರಿಯನ್ ಭಾಷೆ, ಇಂಗ್ಲಿಷ್, ಇನ್ನ್ಯಾವ್ಯಾವೋ ಭಾಷೆದಾಗ ಚೀರಾಟ. ನನಗಂತೂ ಕ್ರಿಕೆಟ್ ಸ್ಟೇಡಿಯಮ್ಮಿನ ಡಿಜೆಕಿಂತ ಇದೇ ಛಲೋ ಅನಸ್ತು, ಆಡೋರ ದನಿ ಆಡೋರದೇ ಕೇಳಸ್ತದ.

ಕಾಕಾಗ ಮಾತ್ರ ಆಟದ ಕಡಿ ಲಕ್ಷ್ಯನೇ ಇಲ್ಲ. ‘ತಂಗೀ, ಇದು ಯಾವ ಕಲ್ಲು ಕೇಳು ಆಕಿಗಿ’ ಅಂದ್ರು. ಗ್ರಾನೈಟ್ ಅಂದ್ಲು ತಮ್ಮನ ಆಫೀಸಿನ ಆ ಹುಡುಗಿ, ತಮ್ಮ ನಡುವ ಕುಂತು ತರ್ಜುಮಾ. ‘ಗ್ರಾನೈಟ್ ಅಂತ ನನಗೂ ಕಾಣ್ತದ, ಯಾವ ಖಣಿದು?’ ಸ್ಕಾಟ್‌ಲ್ಯಾಂಡ್ ಹಂತೇಲಿ ಐಲ್ಸಾ ಕ್ರೇಗ್ ಅಂತ ಸಮುದ್ರದಾಗ ಒಂದು ಗುಡ್ಡದಂಥ ದ್ವೀಪ ಅದ, ಅಲ್ಲೀದು, ತಳದಾಗ ಹಾಕೋ ಬ್ಲೂ ಹೋನ್ ಅನ್ನೋ ಜಾತಿ ನೀರು ಕುಡಿಯಂಗೇ ಇಲ್ಲ ಅನ್ನೋವಷ್ಟು ಕಮ್ಮಿ ಕುಡೀತದ ಅಂದ್ಲು. ಕಾಕಾ ತೊಡಿ ಬಡದ್ರು. ‘ನಾ ಅಂದೆ ಇಲ್ಲೋ! ನಮ್ಮ ಕಲ್ಲು ಪದರು ಪದರಾಗಿ ಏಳ್ತದ, ಅದಕ್ಕೇ ಹಾಸಲಾಕ ಬರೋಬ್ಬರಿ, ಆದ್ರ ಇಲ್ಲಿ ತಂದ್ರ ಸಂದಿನ್ಯಾಗ ನೀರು ಹೋಗಿ ಐಸ್ ಆಗಿ ಟಪ್ ಅಂತ ಒಡೀತದ.’

ಆಮ್ಯಾಲ ಮದ್ದು ಹಾಕಿ ಹಾರಸ್ತಾರೇನು ಅಂತ ಕೇಳಿದ್ರು. ಇಲ್ಲ, ಅಲ್ಲಿ ಪಕ್ಷಿಧಾಮ ಅದ, ಸಿಡಿಮದ್ದಿಗಿ ಪರವಾನಗಿ ಇಲ್ಲ ಅಂದ್ಲು. ‘ಪಕ್ಷಿ ಇರ್ಲಿ ಬಿಡು, ಮದ್ದು ಹಾಕಿದ್ರ ಒಳಗ ಕೂದಲೆಳಿ ಬಿರುಕು ಬೀಳ್ತಾವ, ಒಂದಕ್ಕೊಂದು ಬಡ್ಯೋ ಕಲ್ಲಿಗಿ ಅದು ನಡಿಯಂಗಿಲ್ಲ.’ ಆ ಹುಡುಗಿ ಹೌದಂತ ತಲಿ ಆಡಿಸಿದ್ಲು, ಮೈಗಿ ಪೆಟ್ಟು ತಾಳೋ ಕಾಮನ್ ಗ್ರೀನ್ ಅನ್ನೋ ಜಾತಿ, ಬ್ಲೂ ಹೋನ್ ತಳಕ್ಕಷ್ಟೇ, ಆ ತಳನೂ ಬಟ್ಟಲದಂಗ ಒಳಗ ತಗ್ಗು, ಐಸಿಗಿ ತಾಗೋದು ಒಂದ ತೆಳ್ಳನ ಬಳಿ ಅಷ್ಟೇ ಅಂತ ಕೈಮ್ಯಾಲ ಗೀಚಿ ತೋರಿಸಿದ್ಲು. ಹೆಚ್ಚಂದ್ರ 19.96 ಕೆಜಿ ತೂಕಂತ. ಕಾಕಾ ಆ ಕೈನ್ನೇ ನೋಡ್ತಾ ಕುಂತ್ರು, ಎದುರಿಗಿ ಕೊರಿಯಾ ಟೀಮಿನ ಅವಳಿ ಅಕ್ಕ-ತಂಗಿ ಸೋಲ್ ಯೆ-ಉನ್, ಸೋಲ್ ಯೆ-ಜಿ ಅವರ ಹೆಸರು ಕೂಗಿ ಮಂದಿ ಎದ್ದು ಕುಣೀಲಾಕತ್ತಾರ, ಇವರಿಗಿ ಖಬರೇ ಇಲ್ಲ.

ಒಂದ ಸಲ ಮಾತ್ರ ಎದ್ದು ನಿಂತ್ರು. ಎರಡು ಟೀಮಿನ ಕಲ್ಲು ನಡುವಿಂದ ಸಮಾಸಮ ದೂರ ಕಂಡ್ವು, ಅಳತಿ ಪಟ್ಟಿ ತಂದು ನಡುವಿನ ತೂತಿನ್ಯಾಗ ಸಿಗಿಸಿ ಸುತ್ತ ತಿರುವಿದ್ರು. ಮ್ಯಾಲಿಂದ ಕೂದಲೆಳಿ ಫರಕು, ಸೋತಾಕಿ ತಕರಾರು ತಗೀಲಿಲ್ಲ. ಓಡೋ ಕಲ್ಲಿಗಿ ಬ್ರಷ್ ತಾಗಿದ್ರೂ ತಾಗಿಸಿದವ್ರೇ ಹೇಳಬೇಕಂತ ಈ ಆಟದಾಗ. ‘ನಮ್ಮ ದಂಧೆದಾಗ ಫೂಟಿನ ಅಳತಿಗಿ ಅರ್ಧಾ ದಿನ ಜಗಳ ಆಗ್ತಿತ್ತು’ ಅಂದ್ರು ಕಾಕಾ, ಹೊಗಳಿದ್ರೋ ಬೇಜಾರಾದ್ರೋ ತಿಳೀಲಿಲ್ಲ.

ಊಟದ ಸುದ್ದಿ ಕೇಳಬ್ಯಾಡ್ರಿ. ಆ ಊರಿಗಿ ಬುದೆ ಜಿಗೆ ಅನ್ನೋ ಖಾರದ ಸಾರು ಫೇಮಸ್, ಕೊರಿಯಾ ಯುದ್ಧದ ನಂತರ ಅಮೆರಿಕನ್ ಸೈನ್ಯದ ಹ್ಯಾಮ್, ಸಾಸೇಜ್ ಹಾಕಿ ಶುರು ಆದದ್ದಂತ, ಅದರ ಓಣಿನೇ ಅದ. ವಾಸನಿ ಭಾರಿ ಇತ್ತು, ಆದ್ರ ನಮಗ ನಡಿಯಂಗಿಲ್ಲ. ಕಟಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಕೊಂಡು ಹೋಗಿದ್ದು ಕಾಪಾಡ್ತು, ಆ ಹುಡುಗಿನೂ ಹಿಂಡಿ ಎರಡ ಸಲ ಹಾಕಿಸ್ಕೊಂಡ್ಲು.

ಫೈನಲ್ ನಾವು ನೋಡ್ಲಿಲ್ಲ, ಅಷ್ಟೊತ್ತಿಗಿ ಊರಿಗಿ ಬಂದಿದ್ವಿ. ಕೆನಡಾದ ರೇಚಲ್ ಹೋಮನ್ ಟೀಮ್ ಸ್ವಿಟ್ಜರ್‌ಲ್ಯಾಂಡಿಗಿ 7-3 ಸೋಲಿಸಿ ಸತತ ಎರಡನೇ ವರ್ಷ ಗೆದ್ರು, ಕಂಚು ಚೀನಾಕ್ಕ ಹೋತು, ಕೊರಿಯಾಕ್ಕ ಏನೂ ಸಿಗಲಿಲ್ಲ, ಆ ಹುಡುಗಿ ಅಳೋ ಇಮೋಜಿ ಕಳಿಸಿದ್ಲು. 2026ರದ್ದು ಕೆನಡಾದ ಕ್ಯಾಲ್ಗರಿದಾಗಂತ ಹೇಳಿದ್ರ ಕಾಕಾ, ‘ಕೆನಡಾ ಇರ್ಲಿ, ಆ ದ್ವೀಪಕ್ಕ ಹೋಗ್ಲಾಕ ಬೋಟ್ ಅದ ಏನು ಕೇಳು’ ಅಂದ್ರು.